ಗಡಿಯ ಶಾಲೆಯೂ ಅದರ ಉಪಾಧ್ಯಾಯನೂ
ಜಹೀರಾಬಾದ, ನಾರಾಯಣಖೇಡ, ತಾಂಡೂರು ಸೀಮೆಯ ವಿದ್ಯಾಭ್ಯಾಸದ ಇತಿಹಾಸ

ಅನಂತಗಿರಿಯ ಬೆಟ್ಟಗಳಲ್ಲಿ ಹುಟ್ಟಿದ ಕಾಗಿಣಾ ನದಿಯು ತಾಂಡೂರಿನ ಸೀಮೆಯನ್ನು ಹಾಯ್ದು, ಪಶ್ಚಿಮಕ್ಕೆ ಸರಿದು, ಮಳಖೇಡದ ಕೋಟೆಯ ಬುಡವನ್ನು ಮುಟ್ಟುತ್ತದೆ. ಆ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವೆಂಬುದನ್ನೂ, ‘ಕವಿರಾಜಮಾರ್ಗ’ವು ಒಂಬತ್ತನೆಯ ಶತಮಾನದಲ್ಲಿ ಆ ಆಸ್ಥಾನದಲ್ಲಿಯೇ ರಚಿತವಾಯಿತೆಂಬುದನ್ನೂ ನಾವು ನಮ್ಮ ಉತ್ಸವಗಳ ವೇದಿಕೆಯಿಂದ ತಪ್ಪದೆ ಹೇಳುತ್ತೇವೆ. ಹೇಳುವುದು ಉಚಿತವೇ ಸರಿ. ಆದರೆ ಸಾವಿರ ವರ್ಷಗಳ ಹಿಂದಿನ ಆ ವೈಭವವನ್ನು ಬಾಯಿಪಾಠವಾಗಿ ಬಲ್ಲ ನಾವು, ನಮ್ಮ ಅಜ್ಜಂದಿರು ಯಾವ ಶಾಲೆಯಲ್ಲಿ, ಯಾವ ಭಾಷೆಯಲ್ಲಿ, ಯಾರ ಮುಂದೆ ಕುಳಿತು ಅಕ್ಷರ ಕಲಿತರು ಅಥವಾ ಕಲಿಯದೆ ಹೋದರು ಎಂಬುದನ್ನು ವಿಚಾರಿಸಿದವರಲ್ಲ. ಜಹೀರಾಬಾದ, ನಾರಾಯಣಖೇಡ, ತಾಂಡೂರು ಈ ಮೂರು ಸೀಮೆಗಳಲ್ಲಿ ಕನ್ನಡ ಶಾಲೆ ಏಕೆ ಸೊರಗಿತು ಎಂದು ಕೇಳಿದರೆ ಎಲ್ಲರೂ ೧೯೫೬ರ ಗಡಿಯ ಕಡೆಗೆ ಬೆರಳು ತೋರಿಸುವರು. ಗಡಿಯ ಪಾಲು ಅದರಲ್ಲಿ ಉಂಟು. ಆದರೆ ಚರಿತ್ರೆಯನ್ನು ಸಾವಧಾನವಾಗಿ ನೋಡಿದರೆ, ಭಾಷೆಯ ಪ್ರಶ್ನೆಯೆಂದು ನಾವು ಕೂಗುತ್ತ ಬಂದದ್ದು ಬಹುಮಟ್ಟಿಗೆ ಉಪಾಧ್ಯಾಯನ ಪ್ರಶ್ನೆಯಾಗಿದ್ದಿತೆಂದು ನಮಗೆ ತೋರುತ್ತದೆ.

ನಮ್ಮ ಹಳ್ಳಿಗಳಲ್ಲಿ ಮೊದಲು ಅಕ್ಷರ ಕಲಿಸಿದವರು ಮಠದ ಅಯ್ಯನವರು. ಮಠದ ಇಲ್ಲವೆ ಗುಡಿಯ ಜಗುಲಿಯ ಮೇಲೆ ಮರಳು ಹರಡಿ, ಮಗುವಿನ ಬೆರಳು ಹಿಡಿದು ‘ಓಂ ನಮಃ ಶಿವಾಯ’ ತಿದ್ದಿಸುವುದರಿಂದ ಪಾಠ ಆರಂಭವಾಗುತ್ತಿದ್ದಿತು. ಮಗ್ಗಿ, ಕಾಲು ಅರೆ ಮುಕ್ಕಾಲುಗಳ ಲೆಕ್ಕ, ನಾಲ್ಕು ವಚನ, ಕಾಗದ ಬರೆಯುವ ಕ್ರಮ: ಇಷ್ಟಾದರೆ ವಿದ್ಯೆ ಮುಗಿಯಿತು. ಅಯ್ಯನವರಿಗೆ ಸಂಬಳವೆಂಬುದಿರಲಿಲ್ಲ, ಸುಗ್ಗಿಯಲ್ಲಿ ಜೋಳ, ತೊಗರಿ, ಹಬ್ಬದಲ್ಲಿ ದಕ್ಷಿಣೆ. ಹೀಗೆ ಕಲಿಸುವವನ ಹೊಟ್ಟೆ ಊರಿನ ಮಳೆಬೆಳೆಯನ್ನು ನೆಚ್ಚಿದ್ದಿತು. ಬರ ಬಂದ ವರ್ಷ ಶಾಲೆ ತಾನಾಗಿಯೇ ನಿಲ್ಲುತ್ತಿದ್ದಿತು. ಈ ಪದ್ಧತಿಯನ್ನು ಸುವರ್ಣಯುಗವೆಂದು ಬಣ್ಣಿಸುವವರೊಡನೆ ನಮಗೆ ಸಹಮತವಿಲ್ಲ. ಹೆಣ್ಣುಮಕ್ಕಳಿಗೂ, ಅಸ್ಪೃಶ್ಯರೆಂದು ದೂರವಿಟ್ಟವರ ಮಕ್ಕಳಿಗೂ ಆ ಜಗುಲಿ ಎಟುಕುತ್ತಿರಲಿಲ್ಲ. ಆದರೂ ಕಲಿಸುತ್ತಿದ್ದ ಭಾಷೆ ಮಗುವಿನ ಮನೆಯ ಭಾಷೆಯಾಗಿದ್ದಿತೆಂಬ ಒಂದು ಗುಣ ಅದರಲ್ಲಿದ್ದಿತು.

ಸರಕಾರಿ ಶಾಲೆ ಬಂದಾಗ ಅದು ಬೇರೆ ಭಾಷೆಯನ್ನು ಹೊತ್ತುಕೊಂಡು ಬಂದಿತು. ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿ ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಬಂದು ಆಡಳಿತಭಾಷೆಯಾಯಿತು. ೧೯೦೧ರ ಜನಗಣತಿಯ ಪ್ರಕಾರ ಆ ಸಂಸ್ಥಾನದ ಪ್ರಜೆಗಳಲ್ಲಿ ನೂರಕ್ಕೆ ಸುಮಾರು ೪೬ ಮಂದಿ ತೆಲುಗರು, ೨೬ ಮಂದಿ ಮರಾಠಿಗರು, ೧೪ ಮಂದಿ ಕನ್ನಡಿಗರು, ಉರ್ದು ಮನೆಮಾತಿನವರು ೧೦ ಮಂದಿ. ಓದು ಬಲ್ಲವರು ನೂರಕ್ಕೆ ಮೂರು ಮಂದಿ ಮಾತ್ರ. ತಹತಾನಿಯಾ, ವಸ್ತಾನಿಯಾ, ಫೌಖಾನಿಯಾ ಎಂದು ಶಾಲೆಗಳ ದರ್ಜೆಗಳಿದ್ದವು. ಈ ಹೆಸರುಗಳನ್ನು ನಮ್ಮಲ್ಲಿನ ವೃದ್ಧರು ಮೊನ್ನೆ ಮೊನ್ನೆಯವರೆಗೂ ಹೇಳುತ್ತಿದ್ದರು. ಕೆಳಗಿನ ತರಗತಿಗಳಲ್ಲಿ ಅಲ್ಲಲ್ಲಿ ದೇಶಭಾಷೆಗೆ ಎಡೆಯಿದ್ದರೂ, ಮೇಲೇರಬೇಕಾದರೆ ಉರ್ದುವಿನ ಮೆಟ್ಟಿಲನ್ನೇ ಹತ್ತಬೇಕಾಗಿದ್ದಿತು. ಉಪಾಧ್ಯಾಯನಾಗಲು ಬಯಸುವವನಿಗಂತೂ ಬೇರೆ ದಾರಿಯೇ ಇರಲಿಲ್ಲ.

ಇಲ್ಲಿ ನ್ಯಾಯವಾದ ಒಂದು ಮಾತನ್ನು ಹೇಳಲೇಬೇಕು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಭಾರತೀಯ ಭಾಷೆಯೊಂದರಲ್ಲಿ ವೈದ್ಯಶಾಸ್ತ್ರದವರೆಗಿನ ಉಚ್ಚ ಶಿಕ್ಷಣವನ್ನು ನಡೆಸಿ ತೋರಿಸಿತು. ಅದರ ಭಾಷಾಂತರ ಶಾಖೆಯು ಮಾಡಿದ ಕಾರ್ಯ ಅಲ್ಪವಲ್ಲ. ದೇಶಭಾಷೆಯಲ್ಲಿ ವಿಜ್ಞಾನ ಅಸಾಧ್ಯವೆಂದು ಇಂದಿಗೂ ವಾದಿಸುವವರು ಆ ಸಾಹಸವನ್ನು ನೆನೆಯಬೇಕು. ಆದರೆ ಆ ಮರ ಬೆಳೆದದ್ದು ನೂರರಲ್ಲಿ ಹತ್ತು ಜನರ ಅಂಗಳದಲ್ಲಿ. ಅದೇ ಕಾಲದಲ್ಲಿ ನೆರೆಯ ಮೈಸೂರು ಸಂಸ್ಥಾನವು ೧೯೧೩ರಲ್ಲಿಯೇ ಪ್ರಾಥಮಿಕ ಶಿಕ್ಷಣದ ಕಾಯಿದೆಯನ್ನು ತಂದು, ಹಳ್ಳಿಯ ಮಗುವಿಗೆ ಕನ್ನಡದಲ್ಲಿ ಕಲಿಸುವ ಉಪಾಧ್ಯಾಯರ ಒಂದು ಪರಂಪರೆಯನ್ನೇ ನಿರ್ಮಿಸುತ್ತಿದ್ದಿತು. ಇಬ್ಬರು ಅರಸರ ಎರಡು ದಾರಿಗಳ ಫಲವನ್ನು ಇಂದು ಮೈಸೂರಿನ ಹಳ್ಳಿಯಲ್ಲಿಯೂ ನಮ್ಮ ಹಳ್ಳಿಯಲ್ಲಿಯೂ ಕಾಣಬಹುದು.

ಸರಕಾರಿ ಶಾಲೆ ಇಲ್ಲದಲ್ಲಿ ಖಾಸಗಿ ಶಾಲೆ ತೆರೆಯಬಹುದಾಗಿದ್ದಿತಲ್ಲ ಎಂದು ಕೇಳುವವರುಂಟು. ತೆರೆಯಲು ಅಪ್ಪಣೆ ಬೇಕಾಗಿದ್ದಿತು. ಅಪ್ಪಣೆ ಸಿಗುವುದು ದುರ್ಲಭವಾಗಿದ್ದಿತು. ಸಭೆ ಸೇರುವುದಕ್ಕೂ ‘ಗಸ್ತಿ ನಿಶಾನ್ ೫೩’ ಎಂಬ ಕುಖ್ಯಾತ ಸುತ್ತೋಲೆಯ ಅಡ್ಡಿ. ನಮ್ಮ ನೆರೆಯ ಜೋಗಿಪೇಟೆಯಲ್ಲಿ ೧೯೩೦ರಲ್ಲಿ ಸುರವರಂ ಪ್ರತಾಪರೆಡ್ಡಿಯವರ ಅಧ್ಯಕ್ಷತೆಯಲ್ಲಿ ಸೇರಿದ ಮೊದಲ ಆಂಧ್ರ ಮಹಾಸಭೆಯ ಕಾಲದಿಂದಲೂ ಈ ನಿರ್ಬಂಧಗಳು ತೆಲುಗರ ದೂರುಗಳಾಗಿದ್ದವು. ತೆಲುಗರಿಗೂ ಕನ್ನಡಿಗರಿಗೂ ಅಂದು ನೋವು ಒಂದೇ ಆಗಿದ್ದಿತೆಂಬುದನ್ನು ಇಂದಿನ ಬಿಸಿರಕ್ತದ ಭಾಷಣಕಾರರು ಮರೆಯಬಾರದು. ಕನ್ನಡದ ಪಾಲಿಗೆ ಆ ಕತ್ತಲೆಯಲ್ಲಿ ದೀಪ ಹಿಡಿದವರು ಭಾಲ್ಕಿಯ ಹಿರೇಮಠದ ಪೂಜ್ಯ ಚನ್ನಬಸವ ಪಟ್ಟದ್ದೇವರು. ಹೊರಗೆ ಉರ್ದು ಫಲಕ, ಒಳಗೆ ಕನ್ನಡ ಪಾಠ: ಅವರ ಶಾಲೆಯ ಈ ವೃತ್ತಾಂತವನ್ನು ಬೀದರ ಸೀಮೆಯಲ್ಲಿ ಅರಿಯದವರಿಲ್ಲ. ಆದರೆ ಅಂಥ ಮಠಾಧಿಪತಿಗಳು ಊರಿಗೊಬ್ಬರು ದೊರೆಯುವುದಿಲ್ಲ. ಜಹಗೀರುಗಳಿಗೆ ಸೇರಿದ ಊರುಗಳಲ್ಲಿ ಶಾಲೆಯ ವೆಚ್ಚವು ಜಹಗೀರುದಾರನ ಮರ್ಜಿಗೆ ಬಿಟ್ಟ ವಿಷಯವಾಗಿದ್ದಿತು. ಅಂಥ ಮರ್ಜಿಯ ಬೆಲೆ ಏನೆಂಬುದನ್ನು ವಿವರಿಸಬೇಕಾಗಿಲ್ಲ.

೧೯೪೮ರ ಸೆಪ್ಟೆಂಬರಿನಲ್ಲಿ ಪೋಲೀಸು ಕಾರ್ಯಾಚರಣೆಯಿಂದ ಸಂಸ್ಥಾನವು ಭಾರತದಲ್ಲಿ ಸೇರಿತು. ಮರುವರ್ಷ ಜಹಗೀರುಗಳು ರದ್ದಾದವು. ಶಾಲೆಗಳಲ್ಲಿ ಮಾತೃಭಾಷೆಯ ಮಾಧ್ಯಮ ಬಂದಿತು. ಜಹೀರಾಬಾದ ಮತ್ತು ನಾರಾಯಣಖೇಡ ತಾಲೂಕುಗಳು ಆಗ ಬೀದರ ಜಿಲ್ಲೆಯಲ್ಲಿಯೂ, ತಾಂಡೂರು ತಾಲೂಕು ಗುಲಬರ್ಗಾ ಜಿಲ್ಲೆಯಲ್ಲಿಯೂ ಇದ್ದವು. ಕನ್ನಡ ಶಾಲೆಗೆ ಮೊದಲ ಬಾರಿಗೆ ರಾಜಮಾರ್ಗ ತೆರೆಯಿತು. ಆದರೆ ಪಾಠ ಹೇಳುವವರು ಯಾರು? ಉರ್ದುವಿನಲ್ಲಿ ಓದಿ, ಉರ್ದುವಿನಲ್ಲಿ ತರಬೇತಿ ಪಡೆದ ಉಪಾಧ್ಯಾಯರಿಗೆ ಒಂದು ದಿನ ಬೆಳಗಾದೊಡನೆ ಕನ್ನಡದಲ್ಲಿ ಗಣಿತವನ್ನೂ ಭೂಗೋಳವನ್ನೂ ಹೇಳಿರೆಂದು ಆಜ್ಞೆಯಾಯಿತು. ಮನೆಯಲ್ಲಿ ಕನ್ನಡವಾಡುವವರೇ ಆದರೂ ‘ತ್ರಿಭುಜ’, ‘ಅಕ್ಷಾಂಶ’ ಎಂಬ ಶಬ್ದಗಳನ್ನು ಅವರು ಕೇಳಿದ್ದಿಲ್ಲ. ಮಕ್ಕಳೊಡನೆ ತಾವೂ ಕಲಿತ ಆ ಮಾಸ್ತರರ ಶ್ರಮವನ್ನು ಯಾವ ಇತಿಹಾಸವೂ ದಾಖಲಿಸಿಲ್ಲ. ಉಳಿದ ಕೊರತೆಯನ್ನು ತುಂಬಲು ಮುಂಬಯಿ ಕರ್ನಾಟಕದಿಂದ ಉಪಾಧ್ಯಾಯರು ಬಂದರು. ಹೊರಗಿನವರು ಬಂದರೆಂಬ ಅಸಮಾಧಾನವೂ ಬೆಳೆಯಿತು. ೧೯೫೨ರಲ್ಲಿ ವಾರಂಗಲ್ಲಿನಲ್ಲಿ ಹೊತ್ತಿಕೊಂಡ ಮುಲ್ಕಿ ಚಳವಳಿಯ ಮೂಲದಲ್ಲಿ ಶಾಲೆಯ ನೌಕರಿಗಳ ಪ್ರಶ್ನೆಯೇ ಇದ್ದಿತು. ೧೯೫೧ರ ಗಣತಿಯಲ್ಲಿ ಹೈದರಾಬಾದು ರಾಜ್ಯದ ಸಾಕ್ಷರರು ನೂರಕ್ಕೆ ಹತ್ತಕ್ಕಿಂತಲೂ ಕಡಮೆ. ಇಷ್ಟು ಬಡತನದ ನಡುವೆ ಬೇರೂರಬೇಕಾದ ಗಿಡಕ್ಕೆ ಅವಕಾಶ ದೊರೆತದ್ದು ಎಂಟು ವರ್ಷ.

ಎಂಟೇ ವರ್ಷ. ಏಕೆಂದರೆ ೧೯೫೬ರ ನವೆಂಬರ ೧ರಂದು ರಾಜ್ಯ ಪುನರ್ವಿಂಗಡಣೆಯ ಕಾಯಿದೆ ಜಾರಿಗೆ ಬಂದು, ತಾಂಡೂರು ತಾಲೂಕು, ನಾರಾಯಣಖೇಡ ತಾಲೂಕು, ನಿರ್ಣಾ ವೃತ್ತವೊಂದನ್ನು ಬಿಟ್ಟು ಉಳಿದ ಜಹೀರಾಬಾದ ತಾಲೂಕು, ಬೀದರ ತಾಲೂಕಿನ ನ್ಯಾಲಕಲ್ ವೃತ್ತ ಇವು ಆಂಧ್ರಪ್ರದೇಶಕ್ಕೆ ಸೇರಿದವು. ಗುಲಬರ್ಗಾ ಜಿಲ್ಲೆಯ ಕೊಡಂಗಲ್, ರಾಯಚೂರು ಜಿಲ್ಲೆಯ ಗದ್ವಾಲ ಮತ್ತು ಆಲಂಪುರಗಳೂ ಅದೇ ದಾರಿ ಹಿಡಿದವು. ಜಹೀರಾಬಾದ ನಾರಾಯಣಖೇಡಗಳು ಮೆದಕ್ ಜಿಲ್ಲೆಯಾಗಿ, ೨೦೧೬ರಿಂದ ಸಂಗಾರೆಡ್ಡಿ ಜಿಲ್ಲೆಯಾಗಿವೆ. ತಾಂಡೂರು ಹೈದರಾಬಾದು, ರಂಗಾರೆಡ್ಡಿ ಜಿಲ್ಲೆಗಳನ್ನು ಕಂಡು ಈಗ ವಿಕಾರಾಬಾದಿನಲ್ಲಿದೆ. ಒಂದೇ ತಾಲೂಕಿನ ಒಂದು ವೃತ್ತ ಆಚೆ, ಉಳಿದವು ಈಚೆ. ಅಣ್ಣನ ಮಕ್ಕಳಿಗೆ ಕರ್ನಾಟಕದ ಪುಸ್ತಕ, ತಮ್ಮನ ಮಕ್ಕಳಿಗೆ ಆಂಧ್ರದ ಪುಸ್ತಕ. ಈ ಸೀಮೆಗಳಲ್ಲಿ ತೆಲುಗರು ಬಹಳ ಮಂದಿ ಇದ್ದರೆಂಬುದು ಸತ್ಯ. ಅದನ್ನು ಮುಚ್ಚಿಟ್ಟು ವಾದ ಮಾಡುವುದು ನಮಗೆ ಒಪ್ಪಿಗೆಯಲ್ಲ. ಗಡಿ ಎಲ್ಲಿಯೇ ಬಿದ್ದರೂ ಯಾರಾದರೂ ಅಲ್ಪಸಂಖ್ಯಾತರಾಗುತ್ತಿದ್ದರು.

ಹಾಗೆ ಆಗುವವರಿಗಾಗಿಯೇ ಕೆಲವು ಆಶ್ವಾಸನೆಗಳನ್ನು ಕೊಡಲಾಗಿದ್ದಿತು. ಅದೇ ೧೯೫೬ರಲ್ಲಿ ಸಂವಿಧಾನಕ್ಕೆ ೩೫೦ಎ ಅನುಚ್ಛೇದ ಸೇರಿ, ಅಲ್ಪಸಂಖ್ಯಾತ ಭಾಷಿಕರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಕರ್ಯ ಒದಗಿಸುವ ಹೊಣೆ ರಾಜ್ಯಗಳ ಮೇಲೆ ಬಿದ್ದಿತು. ಅದಕ್ಕಿಂತ ಮುಂಚೆ, ೧೯೪೯ರಲ್ಲಿ, ಪ್ರಾಂತಗಳ ವಿದ್ಯಾಮಂತ್ರಿಗಳ ಸಮ್ಮೇಳನವು ಒಂದು ಲೆಕ್ಕವನ್ನು ಗೊತ್ತುಮಾಡಿದ್ದಿತು: ಇಡೀ ಶಾಲೆಯಲ್ಲಿ ೪೦ ಅಥವಾ ಒಂದು ತರಗತಿಯಲ್ಲಿ ೧೦ ಮಕ್ಕಳಿದ್ದರೆ, ಅವರ ಭಾಷೆಯಲ್ಲಿ ಕಲಿಸಲು ಕನಿಷ್ಠ ಒಬ್ಬ ಉಪಾಧ್ಯಾಯನನ್ನು ನೇಮಿಸಬೇಕು. ಈ ಲೆಕ್ಕವನ್ನು ನಮ್ಮವರು ನೂರು ಮನವಿಪತ್ರಗಳಲ್ಲಿ ಬರೆದಿರಬಹುದು. ನಲವತ್ತು, ಹತ್ತು ಎಂಬ ಅಂಕಿಗಳನ್ನು ಒತ್ತಿ ಹೇಳುವಾಗ ಕೊನೆಯ ಮಾತನ್ನು ನಾವು ಅಷ್ಟಾಗಿ ಗಮನಿಸಲಿಲ್ಲ. ಹಕ್ಕು ಎಂದರೆ ಅಲ್ಲಿ ಒಬ್ಬ ಮನುಷ್ಯ. ಅವನು ಇದ್ದರೆ ಹಕ್ಕು ಉಂಟು, ನಿವೃತ್ತನಾಗಿ ಹೋದರೆ ಇಲ್ಲ.

ಆ ಮನುಷ್ಯನಿಗೆ ನಾಡು ಏನು ಕೊಟ್ಟಿತು? ಕೊಠಾರಿ ಆಯೋಗವು ೧೯೬೬ರಲ್ಲಿ ಒಪ್ಪಿಸಿದ ವರದಿಯಲ್ಲಿ ಇಡೀ ಭಾರತದ ಲೆಕ್ಕವಿದೆ. ೧೯೫೦-೫೧ರಲ್ಲಿ ಕೆಳ ಪ್ರಾಥಮಿಕ ಶಾಲೆಯ ಉಪಾಧ್ಯಾಯನ ಸರಾಸರಿ ವಾರ್ಷಿಕ ವೇತನ ೫೪೫ ರೂಪಾಯಿ. ತಿಂಗಳಿಗೆ ೪೫ ರೂಪಾಯಿಯ ಸುಮಾರು. ಅದೇ ವರ್ಷ ವಿಶ್ವವಿದ್ಯಾಲಯದ ಅಧ್ಯಾಪಕನಿಗೆ ೩,೭೫೯ ರೂಪಾಯಿ. ಹದಿನೈದು ವರ್ಷಗಳ ಮೇಲೆ ಪ್ರಾಥಮಿಕ ಉಪಾಧ್ಯಾಯನ ವೇತನ ೧,೦೪೬ಕ್ಕೆ ಏರಿತು. ಹೆಚ್ಚುಕಡಮೆ ಇಮ್ಮಡಿಯಾಯಿತೆಂದು ಸಂತೋಷಪಡುವಷ್ಟರಲ್ಲಿ, ಅಷ್ಟರೊಳಗೆ ಜೀವನವೆಚ್ಚವು ನೂರಕ್ಕೆ ೬೫ರಷ್ಟು ಏರಿದ್ದನ್ನೂ ಅದೇ ವರದಿ ತೋರಿಸಿಕೊಟ್ಟಿತು. ನಿಜವಾಗಿ ಅವನ ಕೈಗೆ ಹೆಚ್ಚಾಗಿ ಬಂದದ್ದು ಹಳೆಯ ಲೆಕ್ಕದ ತೊಂಬತ್ತು ರೂಪಾಯಿ, ಅದೂ ವರ್ಷಕ್ಕೆ. ಬಡಗಿ, ಗೌಂಡಿಗಳ ಕೂಲಿಯೊಡನೆ ಮಾಸ್ತರರ ಸಂಬಳವನ್ನು ಹೋಲಿಸಿ ನಗುವ ಚಾಳಿ ನಮ್ಮ ಸಂತೆಗಳಲ್ಲಿ ಆಗಲೇ ಹುಟ್ಟಿದ್ದು. ರಾಷ್ಟ್ರೀಯ ಆದಾಯದ ನೂರಕ್ಕೆ ಆರು ಪಾಲನ್ನು ಶಿಕ್ಷಣಕ್ಕೆ ಮೀಸಲಿಡಬೇಕೆಂದು ಆ ಆಯೋಗ ಹೇಳಿದ್ದಿತು. ಆ ಆರು ಇಂದಿಗೂ ಆರಾಗಿಲ್ಲ.

ಮುಂದಿನ ಕಥೆ ಇನ್ನೂ ವಿಚಿತ್ರವಾದುದು. ಕಳೆದ ಶತಮಾನದ ಎಂಬತ್ತು ತೊಂಬತ್ತರ ದಶಕಗಳಲ್ಲಿ ಆಂಧ್ರಪ್ರದೇಶವು ‘ವಿಶೇಷ ಉಪಾಧ್ಯಾಯ’ರೆಂಬ ಹೆಸರಿನಲ್ಲಿ ತರಬೇತಿ ಪಡೆದ ತರುಣರನ್ನು ತಿಂಗಳಿಗೆ ೩೯೮ ರೂಪಾಯಿಗೆ ನೇಮಿಸಿತು. ‘ಮುನ್ನೂರ ತೊಂಬತ್ತೆಂಟರ ಮಾಸ್ತರರು’ ಎಂಬುದು ಅವರ ಕುಲನಾಮವೇ ಆಗಿಹೋಯಿತು. ಆ ಸೇವಾವಧಿಯನ್ನು ವೇತನಬಡ್ತಿಗೆ ಲೆಕ್ಕ ಹಿಡಿಯಿರೆಂದು ಅವರು ದಶಕಗಳ ಕಾಲ ಕೇಳಬೇಕಾಯಿತು. ಆಮೇಲೆ ಬಂದವರು ‘ವಿದ್ಯಾ ವಾಲಂಟಿಯರು’ಗಳು. ಸ್ವಯಂಸೇವಕನೆಂಬ ಹೆಸರಿಟ್ಟರೆ ಸಂಬಳವನ್ನು ಗೌರವಧನವೆನ್ನಬಹುದು. ಬೇಸಗೆಯಲ್ಲಿ ಬಿಡಿಸಿ ಮಳೆಗಾಲದಲ್ಲಿ ಮತ್ತೆ ಕರೆಯಬಹುದು. ತೆಲಂಗಾಣ ರಾಜ್ಯವಾದ ಮೇಲೆ ಆ ಗೌರವಧನ ತಿಂಗಳಿಗೆ ೧೨,೦೦೦ ರೂಪಾಯಿಗೆ ಏರಿತಾದರೂ, ೨೦೨೦ರ ಮಹಾಮಾರಿಯ ವರ್ಷದಲ್ಲಿ ಅವರ ಸೇವೆಯನ್ನು ಮುಂದುವರಿಸಲಿಲ್ಲ. ಖಾಯಂ ಉಪಾಧ್ಯಾಯನ ವೇತನ ಈಚೆಗೆ ಗೌರವಯುತವಾಗಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಬಹುಸಂಖ್ಯಾತರ ಭಾಷೆಯ ಶಾಲೆಯಲ್ಲಿ ಖಾಯಂ ಹುದ್ದೆ ಖಾಲಿಯಾದರೆ ಹತ್ತು ಜನ ಅರ್ಹರು ಕಾದಿರುತ್ತಾರೆ. ಅಲ್ಪಸಂಖ್ಯಾತರ ಭಾಷೆಯ ಶಾಲೆಯಲ್ಲಿ ಖಾಲಿಯಾದ ಕುರ್ಚಿ ಖಾಲಿಯೇ ಉಳಿಯುತ್ತದೆ, ಉಳಿದಷ್ಟು ದಿನ ಮಕ್ಕಳು ಬೇರೆಡೆಗೆ ಸರಿಯುತ್ತಾರೆ, ಸರಿದ ಮೇಲೆ ‘ಮಕ್ಕಳಿಲ್ಲ’ವೆಂದು ಕುರ್ಚಿಯೇ ಮಾಯವಾಗುತ್ತದೆ.

ಅರ್ಹರು ಏಕೆ ದೊರೆಯಲಿಲ್ಲ ಎಂಬುದಕ್ಕೆ ಇನ್ನೊಂದು ಕಾರಣವಿದೆ. ಅದನ್ನು ನಮ್ಮ ಸಭೆಗಳಲ್ಲಿ ಚರ್ಚಿಸುವುದು ಕಡಮೆ. ೧೯೬೯ರ ತೆಲಂಗಾಣ ಚಳವಳಿಯು ಸ್ಥಳೀಯರ ನೌಕರಿಗಳು ಹೊರಗಿನವರ ಪಾಲಾದವೆಂಬ ಕೊರಗಿನಿಂದ ಹುಟ್ಟಿತು. ಅದರ ಫಲವಾಗಿ ೧೯೭೩ರ ತಿದ್ದುಪಡಿಯಿಂದ ಸಂವಿಧಾನದಲ್ಲಿ ೩೭೧ಡಿ ಅನುಚ್ಛೇದವೂ, ೧೯೭೫ರಲ್ಲಿ ರಾಷ್ಟ್ರಪತಿಗಳ ಆಜ್ಞೆಯೂ ಬಂದವು. ಜಿಲ್ಲೆಯ ಉಪಾಧ್ಯಾಯ ಹುದ್ದೆಗಳ ಬಹುಪಾಲು ಆ ಜಿಲ್ಲೆಯ ‘ಸ್ಥಳೀಯ’ನಿಗೆ, ಸ್ಥಳೀಯನೆಂದರೆ ಅರ್ಹತಾ ಪರೀಕ್ಷೆಯವರೆಗಿನ ನಾಲ್ಕು ವರ್ಷ ಸತತವಾಗಿ ಅಲ್ಲಿಯೇ ಓದಿದವನು. ನ್ಯಾಯವಾದ ಉದ್ದೇಶವೇ. ಆದರೆ ಕನ್ನಡದಲ್ಲಿ ಉಪಾಧ್ಯಾಯ ತರಬೇತಿ ಪಡೆಯಬೇಕೆಂದು ನಮ್ಮ ಹುಡುಗ ಬೀದರಕ್ಕೋ ಗುಲಬರ್ಗಾಕ್ಕೋ ಹೋದರೆ, ಮರಳಿ ಬರುವಷ್ಟರಲ್ಲಿ ತನ್ನ ಊರಿಗೇ ಹೊರಗಿನವನಾಗುವ ಅಪಾಯವಿದ್ದಿತು. ಆ ಕಡೆಯಾದರೂ ಅವನನ್ನು ತಮ್ಮವನೆಂದಿತೇ? ಹೈದರಾಬಾದು ಕರ್ನಾಟಕಕ್ಕೆ ೩೭೧ಜೆ ಅನುಚ್ಛೇದದ ವಿಶೇಷ ಸೌಲಭ್ಯ ಈ ಶತಮಾನದ ಎರಡನೆಯ ದಶಕದಲ್ಲಿ ದೊರೆತಾಗ, ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳು ಅದರಲ್ಲಿ ಸೇರಿದವು. ನಿಜಾಮನ ಆಳಿಕೆಯಲ್ಲಿ ಅದೇ ಬೀದರ, ಅದೇ ಗುಲಬರ್ಗಾ ಜಿಲ್ಲೆಗಳ ಭಾಗವಾಗಿ ಅದೇ ಕಷ್ಟವನ್ನು ಉಂಡ ಈ ಮೂರು ತಾಲೂಕುಗಳು, ಈಗ ಆ ಜಿಲ್ಲೆಗಳಲ್ಲಿ ಇಲ್ಲವಾದ್ದರಿಂದ, ಸೇರಲಿಲ್ಲ. ಎರಡು ಅನುಚ್ಛೇದಗಳ ನಡುವಿನ ಈ ಕಿರಿದಾದ ಓಣಿಯೇ ನಮ್ಮ ವಾಸಸ್ಥಾನ.

ಇನ್ನು ದಾರಿದ್ರ್ಯದ ಮಾತು. ನಾರಾಯಣಖೇಡದ ಹಳ್ಳಿಗಳಿಂದಲೂ ತಾಂಡಾಗಳಿಂದಲೂ ಹಿಂಗಾರಿನ ಕಾಲಕ್ಕೆ ಕುಟುಂಬಗಳು ಕಬ್ಬು ಕಡಿಯಲು ಗುಳೆ ಹೋಗುವುದು ಇಂದು ನಿನ್ನೆಯದಲ್ಲ. ಮುಂಗಡ ಹಣವನ್ನು ಮೊದಲೇ ತಂದು ತಿಂದಿರುತ್ತಾರೆ, ಹೋಗದೆ ವಿಧಿಯಿಲ್ಲ. ಜೂನಿನಲ್ಲಿ ಹೆಸರು ಬರೆಸಿದ ಮಗು ದೀಪಾವಳಿಯ ಹೊತ್ತಿಗೆ ಕಬ್ಬಿನ ಗದ್ದೆಯ ಗುಡಿಸಲಿನಲ್ಲಿ ತಮ್ಮನನ್ನು ಎತ್ತಿಕೊಂಡು ಕುಳಿತಿರುತ್ತದೆ. ಯುಗಾದಿಯ ವೇಳೆಗೆ ಮರಳಿದಾಗ ಪಾಠ ಮುಗಿದು ಪರೀಕ್ಷೆ ಬಂದಿರುತ್ತದೆ. ತಾಂಡೂರಿನ ಸೀಮೆಯಲ್ಲಿ ಹಾಸುಗಲ್ಲಿನ ಗಣಿಗಳು. ೧೮೭೪ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಬಂದ ಊರಾದ್ದರಿಂದ ಕಲ್ಲಿಗೆ ದೂರದ ಪೇಟೆ ದೊರೆಯಿತು, ಕಲ್ಲು ತೆಗೆಯುವವನ ಮಗನಿಗೆ ತಂದೆಯ ಕೆಲಸ ದೊರೆಯಿತು. ರಂಗಾರೆಡ್ಡಿ ಜಿಲ್ಲೆಯಲ್ಲಿ ೧೯೯೧ರಿಂದ ಎಂ.ವಿ. ಫೌಂಡೇಶನ್ ಸಂಸ್ಥೆಯು ಶಾಂತಾ ಸಿನ್ಹಾ ಅವರ ನೇತೃತ್ವದಲ್ಲಿ ಜೀತದ ಮಕ್ಕಳನ್ನು ಬಿಡಿಸಿ ಶಾಲೆಗೆ ಸೇರಿಸಿದ ಕಾರ್ಯ ಜಗತ್ತಿನ ಗಮನ ಸೆಳೆಯಿತು. ಬಡವನಿಗೆ ಮಗನ ದುಡಿಮೆ ಬೇಕು, ಓದು ಬೇಡ ಎಂಬ ಹಳೆಯ ವಾದವನ್ನು ಆ ಸಂಸ್ಥೆ ಒಪ್ಪಲಿಲ್ಲ. ಶಾಲೆ ನೆಟ್ಟಗಿದ್ದರೆ ಬಡವನೂ ಮಗುವನ್ನು ಕಳಿಸುವನೆಂದು ತೋರಿಸಿಕೊಟ್ಟಿತು. ೨೦೦೩ರಿಂದ ಮಧ್ಯಾಹ್ನದ ಬಿಸಿಯೂಟ ಬಂದುದೂ, ಗುಳೆಯ ತಿಂಗಳುಗಳಿಗೆಂದು ವಸತಿನಿಲಯಗಳು ಬಂದುದೂ ಉಪಕಾರವಾಯಿತು. ಅನ್ನವು ಮಗುವನ್ನು ಶಾಲೆಯ ಬಾಗಿಲಿಗೆ ತಂದಿತು. ಒಳಗೆ ಅದರ ಭಾಷೆಯ ಉಪಾಧ್ಯಾಯನಿಲ್ಲದಿದ್ದರೆ ಊಟವಾದ ಮೇಲೆ ಅದು ಮನೆಗೆ ಹೋಗುತ್ತದೆ.

ಕಾಸರಗೋಡಿನ ಕನ್ನಡಿಗರ ಶಾಲೆಗಳನ್ನು ನೋಡಿ ನಮ್ಮವರು ಸಂಘಟನೆ ಸಾಲದೆಂದು ತಮ್ಮನ್ನೇ ಹಳಿದುಕೊಳ್ಳುವುದುಂಟು. ಆ ಹೋಲಿಕೆ ಪೂರ್ತಿ ಸರಿಯಲ್ಲ. ಕಾಸರಗೋಡು ಮದರಾಸು ಪ್ರಾಂತದಲ್ಲಿದ್ದಿತು. ಸಹಾಯಧನ ಪಡೆದ ಖಾಸಗಿ ಕನ್ನಡ ಶಾಲೆಗಳೂ, ಅವುಗಳಲ್ಲಿ ತಲೆಮಾರುಗಳಿಂದ ಕಲಿಸಿದ ಉಪಾಧ್ಯಾಯ ಮನೆತನಗಳೂ ೧೯೫೬ಕ್ಕೆ ಬಹು ಮುಂಚೆಯೇ ಅಲ್ಲಿದ್ದವು. ಗಡಿ ಬಿದ್ದಾಗ ಉಳಿ�ಸಿಕೊಳ್ಳಲು ಅವರ ಬಳಿ ಏನೋ ಇದ್ದಿತು. ನಮ್ಮ ಬಳಿ ಇದ್ದುದು ಎಂಟು ವರ್ಷದ ಸಸಿ.

ಈಗಿನ ಪರಿಸ್ಥಿತಿಯಲ್ಲಿ ತೆಲುಗಿನೊಡನೆ ನಮಗೆ ಜಗಳವಿಲ್ಲ. ೨೦೧೮ರ ಕಾಯಿದೆಯಿಂದ ತೆಲಂಗಾಣದ ಎಲ್ಲ ಶಾಲೆಗಳಲ್ಲಿ ತೆಲುಗು ಕಡ್ಡಾಯವಾಯಿತು. ಸಂತೆಯಲ್ಲಿ, ಕಚೇರಿಯಲ್ಲಿ, ಬೀಗತನದಲ್ಲಿ ಬೇಕಾದ ಭಾಷೆಯನ್ನು ಮಗು ಕಲಿಯುವುದು ಲಾಭವೇ. ೨೦೨೨-೨೩ರಿಂದ ಸರಕಾರಿ ಶಾಲೆಗಳಲ್ಲಿ ಒಂದರಿಂದ ಎಂಟನೆಯ ತರಗತಿಯವರೆಗೆ ಇಂಗ್ಲಿಷ್ ಮಾಧ್ಯಮವೂ ಬಂದಿತು. ತಂದೆತಾಯಿಗಳು ಅದನ್ನು ಬಯಸುತ್ತಾರೆಂಬುದನ್ನು ಬೈದು ಫಲವಿಲ್ಲ. ನೌಕರಿಯ ದಾರಿ ಅತ್ತ ಇದೆಯೆಂದು ಅವರು ಕಂಡಿದ್ದಾರೆ. ಆದರೆ ಅಂಥ ಶಾಲೆಯೊಳಗೂ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಬೇಕಾದರೆ ಮತ್ತೆ ಅದೇ ಒಬ್ಬ ಮನುಷ್ಯ ಬೇಕು.

ಆ ಮನುಷ್ಯನನ್ನು ಕುರಿತು ಒಂದು ಹೊಸ ಸಂಗತಿಯನ್ನು ನಮ್ಮ ಕುಟುಂಬಗಳು ತಿಳಿದಿರಬೇಕು. ೧೯೭೫ರ ಆಜ್ಞೆಯ ಸ್ಥಾನದಲ್ಲಿ ತೆಲಂಗಾಣಕ್ಕೆ ೨೦೧೮ರಲ್ಲಿ ಹೊಸ ರಾಷ್ಟ್ರಪತಿ ಆಜ್ಞೆ ಬಂದಿದೆ. ಅದರ ಮೇರೆಗೆ ಜಿಲ್ಲಾಮಟ್ಟದ ಹುದ್ದೆಗಳಲ್ಲಿ ನೂರಕ್ಕೆ ೯೫ ಸ್ಥಳೀಯರಿಗೆ; ಸ್ಥಳೀಯತೆಯನ್ನು ಈಗ ಅಳೆಯುವುದು ಕೊನೆಯ ಪರೀಕ್ಷೆಯಿಂದಲ್ಲ, ಒಂದನೆಯ ತರಗತಿಯಿಂದ ಏಳನೆಯ ತರಗತಿಯವರೆಗಿನ ವ್ಯಾಸಂಗದಿಂದ; ಅದರಲ್ಲಿ ಕನಿಷ್ಠ ನಾಲ್ಕು ವರ್ಷ ಆ ಜಿಲ್ಲೆಯಲ್ಲಿ ಓದಿರಬೇಕು. ಅಂದರೆ ಇಲ್ಲಿಯ ಶಾಲೆಯಲ್ಲಿ ಬಾಲ್ಯದ ಓದನ್ನು ಮುಗಿಸಿದ ಹುಡುಗ ಅಥವಾ ಹುಡುಗಿ ಮುಂದೆ ಬೀದರದಲ್ಲಿ ತರಬೇತಿ ಪಡೆದರೂ ಅದರಿಂದ ತನ್ನ ಜಿಲ್ಲೆಗೆ ಹೊರಗಿನವರಾಗುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಕನ್ನಡ ಚೆನ್ನಾಗಿ ಬರಲೆಂದು ಆರು ವರ್ಷದ ಕೂಸನ್ನೇ ಗಡಿಯಾಚೆ ಸೋದರಮಾವನ ಮನೆಯಲ್ಲಿಟ್ಟು ಓದಿಸುವ ರೂಢಿ ನಮ್ಮಲ್ಲಿದೆ. ಜಹೀರಾಬಾದಿನಿಂದ ಬೀದರ ಮೂವತ್ತು ಕಿಲೋಮೀಟರಿನ ಸುಮಾರು, ಕಳಿಸುವುದು ಸುಲಭ. ಹಾಗೆ ಏಳನೆಯ ತರಗತಿಯವರೆಗೂ ಅಲ್ಲಿಯೇ ಓದಿದ ಮಗು ಎಷ್ಟು ಒಳ್ಳೆಯ ಕನ್ನಡ ಕಲಿತು ಬಂದರೂ, ನ್ಯಾಲಕಲ್ಲಿನ ಇಲ್ಲವೆ ನಾರಾಯಣಖೇಡದ ಶಾಲೆಯಲ್ಲಿ ಖಾಲಿ ಬಿದ್ದ ಆ ಕುರ್ಚಿಗೆ ಸ್ಥಳೀಯ ಅಭ್ಯರ್ಥಿಯಾಗಲಾರದು. ಮೊದಲ ನಾಲ್ಕೈದು ತರಗತಿಗಳನ್ನು ಇಲ್ಲಿಯೇ ಓದಿಸಿ, ವ್ಯಾಸಂಗಪತ್ರಗಳನ್ನು ಜೋಪಾನವಾಗಿಟ್ಟು, ಆಮೇಲೆ ಬೇಕಾದಲ್ಲಿಗೆ ಕಳಿಸಿರಿ. ಶಾಲೆ ಆರಂಭವಾಗುವ ಮುಂಚೆಯೇ, ಬೇಸಗೆಯಲ್ಲಿ, ಕನ್ನಡ ಬೇಕೆಂಬ ಅರ್ಜಿಯನ್ನು ಬರವಣಿಗೆಯಲ್ಲಿ ಕೊಟ್ಟು ರಸೀದಿ ಪಡೆಯಿರಿ. ಆ ಹತ್ತು ಮತ್ತು ನಲವತ್ತರ ಲೆಕ್ಕದಲ್ಲಿ ಬಾಯಿಮಾತಿನ ಮಕ್ಕಳು ಎಣಿಕೆಗೆ ಬರುವುದಿಲ್ಲ.